ಮೊಲದ ಮಾಂಸಕ್ಕೆ ಅಗಸೆಯೋ, ವಿಟಮಿನ್ ಇ ಪುಡಿಯೋ?

ಮಾಂಸಕ್ಕೆ ಮೊಲ ಸಾಕುವವರು ಮೇವಿನ ಮೇಲೆ ಇನ್ನೊಂದಿಷ್ಟು ದುಡ್ಡು ಹಾಕುವುದಾದರೆ ವಿಟಮಿನ್ ಇ ಪುಡಿಗೇ ಹಾಕಲಿ. ಅಗಸೆ ಬೀಜ, ಸ್ಪಿರುಲಿನಾ (ಒಂದು ಬಗೆಯ ಪಾಚಿಯ ಪುಡಿ) ಎರಡನ್ನೂ ನಮ್ಮ ನ್ಯೂಜಿಲೆಂಡ್ ವೈಟ್ ತಳಿಯ ಮರಿಗಳಿಗೆ ಕೊಟ್ಟು ನೋಡಿಯೇ ಹೇಳುತ್ತಿದ್ದೇನೆ.

ಸ್ಪಿರುಲಿನಾ ದುಬಾರಿ. ಮಾಂಸದ ರುಚಿಯಲ್ಲಾಗಲಿ ಬಣ್ಣದಲ್ಲಾಗಲಿ ನಮಗೆ ವ್ಯತ್ಯಾಸ ಗೊತ್ತಾಗಲಿಲ್ಲ.

ಅಗಸೆಯಲ್ಲಿ ನಿಜಕ್ಕೂ ಗುಣ ಇದೆ. ಮೊಲ ಮೆಲುಕು ಹಾಕುವ ಪ್ರಾಣಿಯಲ್ಲ. ಹಸು, ಕುರಿಯ ಹೊಟ್ಟೆಯಲ್ಲಿ ಸೂಕ್ಷ್ಮಜೀವಿಗಳು ಮೇವಿನ ಕೊಬ್ಬನ್ನು ಬದಲಾಯಿಸಿಬಿಡುತ್ತವೆ. ಮೊಲದಲ್ಲಿ ತಿಂದ ಕೊಬ್ಬು ಹೆಚ್ಚುಕಮ್ಮಿ ಹಾಗೇ ಮಾಂಸಕ್ಕೆ ಇಳಿಯುತ್ತದೆ. ಹಾಗಾಗಿ ಅಗಸೆ ತಿಂದ ಮೊಲದ ಮಾಂಸದಲ್ಲಿ ಒಮೆಗಾ-3 ಅನ್ನುವ ಒಳ್ಳೇ ಕೊಬ್ಬು ಜಾಸ್ತಿ. ಕೊಯ್ದ ದಿನವೇ ಸಾರು ಮಾಡಿದರೆ ತಕರಾರೇ ಇಲ್ಲ. ಆದರೆ ಈ ಕೊಬ್ಬಿಗೆ ಗಾಳಿ ತಾಗಿದರೆ ಬೇಗ ಕೆಡುತ್ತದೆ. ಹಳೇ ಅಗಸಿ ಚಟ್ನಿಪುಡಿ ಡಬ್ಬಿ ತೆಗೆದಾಗ ಬರುತ್ತದಲ್ವಾ, ಫ್ರೀಜರಿನಲ್ಲಿಟ್ಟ ಮಾಂಸಕ್ಕೂ ಅದೇ ಕಮಟು ವಾಸನೆ ಹತ್ತಿತು. ಕಿಡ್ನಿ ಸುತ್ತಲಿನ ಕೊಬ್ಬೂ ಬೆರಳಿಟ್ಟರೆ ಮೆತ್ತಗೆ ಜಾರುತ್ತಿತ್ತು.

ವಿಟಮಿನ್ ಇ ತಡೆಯುವುದು ಈ ಕಮಟನ್ನೇ. ಅದು ಮಾಂಸದೊಳಗೇ ಸೇರಿಕೊಂಡು ಕೊಬ್ಬು ಕೆಡದಂತೆ ಕಾಯುತ್ತದೆ. ಕೊಯ್ಯುವ ಹಿಂದಿನ ವಾರ ಕೊಟ್ಟರೆ ಸಾಲದು, ಕಡೇ ಒಂದು ತಿಂಗಳು ಬಿಡದೆ ಕೊಡಬೇಕು. ಕೆಜಿ ಮೇವಿಗೆ 200 ಮಿಲಿಗ್ರಾಂ ಲೆಕ್ಕ. ಸಿಗುವುದು ಶೇ 50ರ ಪುಡಿಯಾದ್ದರಿಂದ ಕ್ವಿಂಟಲ್‌ಗೆ 40 ಗ್ರಾಂ ಸಾಕು.

ತಲೆನೋವು ಇರುವುದು ಬೆರೆಸುವುದರಲ್ಲಿ. ನಾವು ಹಾಕುವುದು ರೆಡಿ ಪೆಲೆಟ್, ಅಂದರೆ ಮಿಲ್ಲಿನಲ್ಲಿ ಒತ್ತಿ ಮಾಡಿದ ಗುಳಿಗೆಯಂಥ ಮೇವು. ಸುಮ್ನೆ ಮೇಲೆ ಉದುರಿಸಿದರೆ ಪುಡಿಯೆಲ್ಲ ಟ್ರೇ ತಳಕ್ಕೆ ಇಳಿಯುತ್ತದೆ. ಮೊಲ ಪೆಲೆಟ್ ಆರಿಸಿ ತಿಂದು ಧೂಳನ್ನು ಹಾಗೇ ಬಿಡುತ್ತದೆ. ಮೂಗಿಗೆ ಹೋದರೆ ಸೀನುತ್ತದೆ. ದುಡ್ಡು ಕೊಟ್ಟ ಪುಡಿ ಗುಡಿಸಿ ಎಸೆಯುವ ಕಸವಾಗುತ್ತದೆ.

ನೀರು ಚಿಮುಕಿಸಿ ಅಂಟಿಸೋಣ ಅಂದರೆ ಪೆಲೆಟ್ ಉಬ್ಬಿ ಒಡೆಯುತ್ತದೆ. ಮಳೆಗಾಲದಲ್ಲಂತೂ ಬೂಷ್ಟು ಹಿಡಿಯುತ್ತದೆ. ಬೂಷ್ಟು ಹಿಡಿದ ಮೇವು ತಿಂದರೆ ಮೊಲದ ಜೀವಕ್ಕೇ ಅಪಾಯ. ಮಿಲ್ಲಿನಲ್ಲೇ ಸೇರಿಸಿ ಕೊಡಿ ಅಂತ ಕೇಳಿದರೆ, ನಮ್ಮಂಥ ಸಣ್ಣ ಸಾಕಣೆದಾರರ ಆರ್ಡರಿಗೆ ಯಂತ್ರ ಹಾಕಲು ಒಪ್ಪುವುದಿಲ್ಲ.

ಕೊನೆಗೆ ಕೆಲಸಕ್ಕೆ ಬಂದದ್ದು ಎಣ್ಣೆ. 10 ಕೆಜಿ ಪೆಲೆಟ್‌ಗೆ 50 ಮಿಲಿ ಸೂರ್ಯಕಾಂತಿ ಎಣ್ಣೆ ಸವರಿ, ಆಮೇಲೆ 4 ಗ್ರಾಂ ಪುಡಿ ಉದುರಿಸಿ ಕೈಯಾಡಿಸುತ್ತೇವೆ. ಪುಡಿ ಅಂಟಿಕೊಳ್ಳುತ್ತದೆ, ಟ್ರೇ ತಳ ಖಾಲಿಯಾಗುತ್ತದೆ. ಎಣ್ಣೆ ಸವರಿದ ಮೇವನ್ನು ಜಾಸ್ತಿ ದಿನ ಇಡಬಾರದು, ಎರಡು ಮೂರು ದಿನಕ್ಕೆ ಬೇಕಾದಷ್ಟನ್ನೇ ಕಲೆಸಿ.

ನಮ್ಮ ಗಿರಾಕಿಗಳು ಹಬ್ಬಕ್ಕೆ ಅಂತ ಮುಂಚೆಯೇ ಒಯ್ದು ಫ್ರೀಜರಿನಲ್ಲಿಡುವವರು. ಅದಕ್ಕೇ ನಮಗೆ ವಿಟಮಿನ್ ಇ. ಮನೆ ಮಟ್ಟಿಗೆ ನಾಲ್ಕು ಮೊಲ ಸಾಕಿ, ಕೊಯ್ದ ದಿನವೇ ತಿನ್ನುವವರು ಅಗಸೆ ಹಾಕಲಿ. ಮೇವಿನಲ್ಲಿ ಶೇ 3ರಷ್ಟು ಇರಲಿ, ಬೀಜವನ್ನು ಆಯಾ ದಿನವೇ ಪುಡಿ ಮಾಡಿಕೊಳ್ಳಿ.