ಗ್ಯಾಸ್ ಫೈರ್‌ಪ್ಲೇಸ್‌ನ 750 ಮಿಲಿವೋಲ್ಟ್ ಥರ್ಮೋಪೈಲ್: ಸಾಮಾನು ಒಳ್ಳೆಯದೇ, ಮೊದಲು ಮೀಟರ್ ಹಿಡಿದು ನೋಡಿ

ಅಮೆರಿಕ, ಕೆನಡಾದ ಮನೆಗಳಲ್ಲಿ ಚಳಿ ಶುರುವಾಯಿತೆಂದರೆ ಕೇಳಿಬರುವ ದೂರು ಇದು: ಪೈಲಟ್ (ಬರ್ನರನ್ನು ಹತ್ತಿಸುವ ಸಣ್ಣ ಜ್ವಾಲೆ) ಉರಿಯುತ್ತಿದೆ, ಗೋಡೆಯ ಸ್ವಿಚ್ ಹಾಕಿದರೆ ಬರ್ನರ್ ಮಾತ್ರ ಹತ್ತುವುದಿಲ್ಲ. ಪೈಲಟ್ಟಿನ ಬಿಸಿಯಿಂದ ಚೂರು ವಿದ್ಯುತ್ ಹುಟ್ಟಿಸಿ ಗ್ಯಾಸ್ ವಾಲ್ವ್ ತೆರೆಸುವ ಕಡ್ಡಿಯೇ ಥರ್ಮೋಪೈಲ್. ಆನ್‌ಲೈನಿನಲ್ಲಿ 'ಯೂನಿವರ್ಸಲ್' ಥರ್ಮೋಪೈಲನ್ನು ಇದಕ್ಕೆ ರಾಮಬಾಣ ಎಂಬಂತೆ ಮಾರುತ್ತಾರೆ. 36 ಇಂಚಿನ ಕವಚದ ಕೇಬಲ್, ತುದಿಯಲ್ಲಿ ಕೆಂಪು ಬಿಳಿ ತಂತಿ. ಸಾಮಾನಿನ ಗುಣದ ಬಗ್ಗೆ ತಕರಾರಿಲ್ಲ. ಅದು ನಿಮಗೆ ಬೇಕೋ ಬೇಡವೋ ಎಂಬುದೇ ಪ್ರಶ್ನೆ.

ಮಲ್ಟಿಮೀಟರನ್ನು ಡಿಸಿ ಮಿಲಿವೋಲ್ಟಿಗೆ ಇಡಿ. ಪೈಲಟ್ ಹತ್ತಿಸಿ ಐದು ನಿಮಿಷ ಬಿಟ್ಟು, ಸ್ವಿಚ್ ಆಫ್ ಇರುವಾಗಲೇ ವಾಲ್ವಿನ 'ಟಿಪಿ' ಮತ್ತು 'ಟಿಪಿ-ಟಿಎಚ್' (TP, TPTH) ಎಂದು ಬರೆದಿರುವ ತಿರುಪುಗಳ ನಡುವೆ ಅಳೆಯಿರಿ. 325ಕ್ಕಿಂತ ಕಡಿಮೆ ಬಂದರೆ ಅನುಮಾನಕ್ಕೆ ಕಾರಣವಿದೆ. ಹೆಸರಿನಲ್ಲಿ 750 ಇದ್ದರೂ 500ರ ಆಸುಪಾಸು ಬಂದರೆ ಥರ್ಮೋಪೈಲ್ ಚೆನ್ನಾಗಿಯೇ ಇದೆ. ಆಗ ಗೋಡೆಯ ಸ್ವಿಚ್ಚಿನ ತಂತಿಗಳನ್ನು ಬಿಚ್ಚಿ, 'ಟಿಎಚ್' ಮತ್ತು 'ಟಿಪಿ-ಟಿಎಚ್' ನಡುವೆ ಒಂದು ತುಂಡು ತಂತಿ ಸೇರಿಸಿ. ಬರ್ನರ್ ಹತ್ತಿತೇ? ತಪ್ಪು ಸ್ವಿಚ್ಚಿನದ್ದು, ಇಲ್ಲವೇ ಅಲ್ಲಿಗೆ ಹೋಗುವ ತಂತಿಯದ್ದು. ಅರ್ಧ ವೋಲ್ಟಿನಷ್ಟು ಬಡ ವಿದ್ಯುತ್ತಿಗೆ ಸ್ವಿಚ್ಚಿನೊಳಗಿನ ಚೂರು ಕಿಲುಬೂ ಗೋಡೆಯಾಗುತ್ತದೆ. (ಈ ಸ್ವಿಚ್ಚಿಗೆ 120 ವೋಲ್ಟಿನ ಲೈನ್ ಯಾವತ್ತೂ ಕೊಡಬೇಡಿ, ವಾಲ್ವ್ ಸುಟ್ಟುಹೋಗುತ್ತದೆ.)

ಅಳತೆ ಕಡಿಮೆ ಬಂತೆಂದು ಕೂಡಲೇ ಆರ್ಡರ್ ಮಾಡಬೇಡಿ. ಪೈಲಟ್ ಜ್ವಾಲೆ ನೀಲಿಯಾಗಿ, ಥರ್ಮೋಪೈಲಿನ ಮೇಲ್ತುದಿಯ ಸುಮಾರು ಅರ್ಧ ಇಂಚನ್ನು ಸುತ್ತಿಕೊಂಡಿರಬೇಕು. ಅದು ಹಳದಿಯಾಗಿ, ಅತ್ತಿತ್ತ ತೂಗಾಡುತ್ತಾ ಮುಟ್ಟಿಯೂ ಮುಟ್ಟದಂತಿದ್ದರೆ ಹೊಸ ಥರ್ಮೋಪೈಲ್ ಹಾಕಿದರೂ ಅಷ್ಟೇ. ಬೇಸಿಗೆಯಲ್ಲಿ ಪೈಲಟ್ ಆರಿಸಿಟ್ಟಾಗ ಒಳಗೆ ಧೂಳು ಕೂರುತ್ತದೆ, ಜೇಡ ಬಲೆ ಕಟ್ಟುತ್ತದೆ. ಗ್ಯಾಸ್ ಬಂದ್ ಮಾಡಿ, ಎಲ್ಲ ತಣ್ಣಗಾದ ಮೇಲೆ ಡಬ್ಬಿಯ ಗಾಳಿ ಊದಿ. ಪೈಲಟ್ಟಿಗೆ ಗ್ಯಾಸ್ ಬರುವ ರಂಧ್ರಕ್ಕೆ ಸೂಜಿ ಚುಚ್ಚಬೇಡಿ. ಅದು ಕೂದಲೆಳೆಯಷ್ಟು ಅಗಲವಾದರೂ ಜ್ವಾಲೆ ಹದ ತಪ್ಪುತ್ತದೆ.

ಇಷ್ಟಾದ ಮೇಲೂ 325 ದಾಟದಿದ್ದರೆ ಕೊಳ್ಳಿ. ಹಳೆಯದು ಕ್ಲಿಪ್ಪಿನದೋ ಥ್ರೆಡ್ಡಿನದೋ ನೋಡಿಕೊಂಡೇ ತರಿಸಿ, ಹೆಸರಿಗೆ ಯೂನಿವರ್ಸಲ್ ಆದರೂ ಎಲ್ಲದಕ್ಕೂ ಹೊಂದುವುದಿಲ್ಲ. ಸೆರಾಮಿಕ್ ಕಟ್ಟಿಗೆಗಳನ್ನು ಎತ್ತುವ ಮೊದಲು ಒಂದು ಫೋಟೊ ತೆಗೆದಿಡಿ, ಜಾಗ ತಪ್ಪಿದರೆ ಜ್ವಾಲೆ ತಗುಲಿ ಮಸಿ ಹಿಡಿಯುತ್ತದೆ. ಹೊಸದನ್ನು ಬ್ರಾಕೆಟ್ಟಿನೊಳಗೆ ಪೂರ್ತಿ ತಳ್ಳಿ. ಅರ್ಧಕ್ಕೇ ನಿಂತರೆ ತುದಿ ಜ್ವಾಲೆಗಿಂತ ಕೆಳಗುಳಿದು, ಹೊಸದೂ 250 ತೋರಿಸುತ್ತದೆ. ಆಮೇಲೆ 'ಡಿಫೆಕ್ಟಿವ್ ಪೀಸ್' ಎಂದು ಒಂದು ಸ್ಟಾರ್ ಕೊಟ್ಟು ಪ್ರಯೋಜನವಿಲ್ಲ. ಕೆಲಸದ ನಡುವೆ ಪೈಲಟ್ ಟ್ಯೂಬಿನ ನಟ್ ಬಿಚ್ಚಿದ್ದರೆ, ಗ್ಯಾಸ್ ಬಿಟ್ಟಾಗ ಅಲ್ಲಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡಿ.

ಪೈಲಟ್ ಹತ್ತಿಸಲು ಒತ್ತಿ ಹಿಡಿದ ನಾಬ್ ಬಿಟ್ಟ ಕೂಡಲೇ ಪೈಲಟ್ಟೇ ಆರುತ್ತಿದ್ದು, ಅದರ ಪಕ್ಕದಲ್ಲಿ ತೆಳ್ಳಗಿನ ತಾಮ್ರದ ಬಾಲದ ಇನ್ನೊಂದು ಕಡ್ಡಿ ಇದ್ದರೆ, ಮೊದಲು ನೋಡಬೇಕಾದದ್ದು ಪೈಲಟ್ಟಿನ ಗ್ಯಾಸ್ ನಿಲ್ಲದಂತೆ ಹಿಡಿದಿಡುವ ಆ ಥರ್ಮೋಕಪಲ್ಲನ್ನು. ಅದು ಕೊಡುವುದೇ 20ರಿಂದ 30 ಮಿಲಿವೋಲ್ಟ್. ಇನ್ನು ಸ್ವಿಚ್ ಹಾಕಿದಾಗಲೆಲ್ಲ ಟಿಕ್ ಟಿಕ್ ಎಂದು ಕಿಡಿ ಹಾರಿಸಿ ಪೈಲಟ್ ತಾನಾಗಿ ಹತ್ತಿಕೊಳ್ಳುವ ಮಾದರಿಗಳಲ್ಲಿ ಸಾಮಾನ್ಯವಾಗಿ ಥರ್ಮೋಪೈಲ್ ಇರುವುದೇ ಇಲ್ಲ. ಅಲ್ಲಿ ಮೊದಲು ಬ್ಯಾಟರಿ ಬದಲಿಸಿ, ಆಮೇಲೆ ಜ್ವಾಲೆ ಗುರುತಿಸುವ ಕಡ್ಡಿಯನ್ನು ಸ್ಟೀಲ್ ವುಲ್‌ನಿಂದ ಹಗುರವಾಗಿ ಉಜ್ಜಿ.