ಫಾರೆಕ್ಸ್ ಕಾರ್ಡ್: ದಿನದ ಖರ್ಚಿಗೆ ಚೆನ್ನ, ಹೋಟೆಲಿನ ಠೇವಣಿಗೆ ಬೇಡ

ನಿವೃತ್ತಿಯಾದ ಮೇಲೆ ನಾನೂ ನನ್ನ ಯಜಮಾನರೂ ಸಿಂಗಪುರ, ಥಾಯ್ಲೆಂಡ್, ಬ್ರಿಟನ್ ಎಂದು ನಮ್ಮ ಶಕ್ತಿಗೆ ತಕ್ಕಷ್ಟು ತಿರುಗಾಡಿದ್ದೇವೆ. ಪ್ಯಾಕೇಜ್ ಟೂರಿಗೆ ಸೇರದೆ, ಪಿಂಚಣಿಯಲ್ಲಿ ಉಳಿಸಿದ ಹಣದಲ್ಲಿ ನಾವೇ ಯೋಜನೆ ಹಾಕಿಕೊಂಡು ಹೋಗುವವರು ನಾವು. ಈ ಎಲ್ಲ ಪ್ರವಾಸಗಳಲ್ಲೂ ಜೊತೆಗಿದ್ದದ್ದು ಖಾಸಗಿ ಬ್ಯಾಂಕೊಂದರ ಪ್ರೀಪೇಯ್ಡ್ ಫಾರೆಕ್ಸ್ ಕಾರ್ಡು, ಅಂದರೆ ವಿದೇಶಿ ಹಣವನ್ನು ಮೊದಲೇ ತುಂಬಿಸಿಕೊಂಡು ಅಲ್ಲಿ ಖರ್ಚು ಮಾಡುವ ಕಾರ್ಡು. ಅದರ ಶುಲ್ಕಗಳು ಮತ್ತು ಕರೆನ್ಸಿಗಳ ಪಟ್ಟಿ ಬ್ಯಾಂಕಿನ ಜಾಲತಾಣದಲ್ಲೇ ಸಿಗುವುದರಿಂದ ಅದನ್ನು ಇಲ್ಲಿ ಬರೆಯುವುದಿಲ್ಲ. ಬಳಸುವಾಗ ತಿಳಿದು ಬಂದದ್ದನ್ನಷ್ಟೇ ಹೇಳುತ್ತೇನೆ.

ಕಾರ್ಡು ಮಾಡಿಸಲು ಕಾರಣ ಸರಳವಾದ ಲೆಕ್ಕ. ನಮ್ಮ ಕ್ರೆಡಿಟ್ ಕಾರ್ಡಿನಲ್ಲಿ ವಿದೇಶದ ಖರ್ಚಿನ ಮೇಲೆ ಶೇ. 3.5ರಷ್ಟು ಮಾರ್ಕಪ್ (ಬ್ಯಾಂಕು ಸೇರಿಸುವ ಹೆಚ್ಚುವರಿ ಶುಲ್ಕ), ಆ ಮಾರ್ಕಪ್ಪಿನ ಮೇಲೆ ಶೇ. 18ರಷ್ಟು ಜಿಎಸ್‌ಟಿ ಬೀಳುತ್ತದೆ. ಒಂದು ಲಕ್ಷ ರೂಪಾಯಿ ಖರ್ಚಿಗೆ 4,130 ರೂಪಾಯಿ ಹೆಚ್ಚುವರಿಯಾಯಿತು. ಫಾರೆಕ್ಸ್ ಕಾರ್ಡಿನಲ್ಲಾದರೆ ಹಣ ತುಂಬಿಸಿದ ದಿನದ ವಿನಿಮಯ ದರವೇ ಕೊನೆಯವರೆಗೂ ನಿಲ್ಲುತ್ತದೆ. ಹಾಗೆಂದು ಆ ದರದಲ್ಲಿ ಬ್ಯಾಂಕಿನ ಲಾಭ ಸೇರಿಲ್ಲವೆಂದು ತಿಳಿಯಬಾರದು. ಆ ದಿನದ ಮಾರುಕಟ್ಟೆ ದರವನ್ನು ನೋಡಿಕೊಂಡು, ಬ್ಯಾಂಕಿನಲ್ಲಿ ಒಮ್ಮೆ, ಪರವಾನಗಿ ಇರುವ ಹಣ ವಿನಿಮಯ ಮಳಿಗೆಯಲ್ಲಿ ಒಮ್ಮೆ ವಿಚಾರಿಸಿ, ಕಡಿಮೆ ಮಾಡುವಿರಾ ಎಂದು ಕೇಳಿದರೆ ಕೆಲವು ಪೈಸೆಗಳಾದರೂ ಇಳಿಯುತ್ತವೆ. ವಿಮಾನ ನಿಲ್ದಾಣದ ಕೌಂಟರಿಗೆ ಮಾತ್ರ ಈ ಕೆಲಸವನ್ನು ಉಳಿಸಿಕೊಳ್ಳಬೇಡಿ.

ಕಾರ್ಡು ನಿಜವಾಗಿ ಮನಸ್ಸು ಗೆದ್ದದ್ದು ಬಸ್ಸು, ರೈಲುಗಳಲ್ಲಿ. ಲಂಡನ್ನಿನ ಬಸ್ಸುಗಳಲ್ಲಿ 2014ರಿಂದಲೇ ನಗದು ಪಡೆಯುವುದಿಲ್ಲ. ಹತ್ತುವಾಗ ಕಾರ್ಡನ್ನು ಹಳದಿ ಯಂತ್ರಕ್ಕೆ ತಾಗಿಸಿದರೆ ಮುಗಿಯಿತು. ಮೊದಲ ಬಸ್ಸು ಹತ್ತಿದ ಒಂದು ಗಂಟೆಯೊಳಗೆ ಮತ್ತೊಂದು ಬಸ್ಸು ಹತ್ತಿದರೆ ಅದಕ್ಕೆ ಬೇರೆ ದರವಿಲ್ಲ, ಮತ್ತು ದಿನದ ಒಟ್ಟು ಪ್ರಯಾಣ ದರ ಒಂದು ಮಿತಿ ಮುಟ್ಟಿದ ಮೇಲೆ ಮುಂದಿನದಕ್ಕೆ ಹಣ ಕಡಿತವಾಗುವುದಿಲ್ಲ. ಇದನ್ನು ಅರ್ಥಮಾಡಿಕೊಂಡ ಮೇಲೆ ನಾವು ಟಿಕೆಟ್ ಬೆಲೆಯ ಯೋಚನೆ ಬಿಟ್ಟು, ಡಬಲ್ ಡೆಕ್ಕರಿನ ಮೇಲಂತಸ್ತಿನ ಮುಂದಿನ ಸೀಟಿನಲ್ಲಿ ಕುಳಿತು ಊರು ನೋಡಿದೆವು. ಸುರಂಗ ರೈಲಿನಲ್ಲಿ ಒಳಹೋಗುವಾಗ ತಾಗಿಸಿದ ಕಾರ್ಡನ್ನೇ ಹೊರಬರುವಾಗಲೂ ತಾಗಿಸಬೇಕು, ಮತ್ತು ಒಬ್ಬರಿಗೆ ಒಂದು ಕಾರ್ಡು ಇರಲೇಬೇಕು. ಹಾಗಾಗಿ ಗಂಡ ಹೆಂಡತಿ ಇಬ್ಬರೂ ಬೇರೆ ಬೇರೆ ಕಾರ್ಡು ಮಾಡಿಸುವುದು ಅಗತ್ಯ. ಸಿಂಗಪುರದ ನಗರ ರೈಲಾದ ಎಂಆರ್‌ಟಿಯಲ್ಲೂ ಇದೇ ಅನುಕೂಲವಿದೆ. ಆದರೆ ಹೊರದೇಶದ ಕಾರ್ಡಿಗೆ, ಬಳಸಿದ ಪ್ರತಿ ದಿನಕ್ಕೂ 60 ಸೆಂಟ್ ಶುಲ್ಕ ಅಲ್ಲಿ ಸೇರುತ್ತದೆ.

ರಾತ್ರಿ ಕೋಣೆಗೆ ಬಂದ ಮೇಲೆ ನಮ್ಮದೊಂದು ಕ್ರಮವಿದೆ. ಊರಿನಿಂದ ಒಯ್ದ ಅವಲಕ್ಕಿಗೆ ಮೊಸರು, ಚಟ್ನಿಪುಡಿ ಕಲಸಿಕೊಂಡು ತಿಂದಾದ ಮೇಲೆ, ನಾನು ಬಟ್ಟೆಯ ಪರ್ಸಿನಿಂದ ಆ ದಿನದ ರಸೀದಿಗಳನ್ನೆಲ್ಲ ತೆಗೆದು ಮಂಚದ ಮೇಲೆ ಹರಡುತ್ತೇನೆ. ಯಜಮಾನರು ಮೊಬೈಲಿಗೆ ಬಂದ ಸಂದೇಶಗಳನ್ನು ಒಂದೊಂದಾಗಿ ಓದುತ್ತಾರೆ, ನಾನು ನೋಟ್‌ಬುಕ್ಕಿನಲ್ಲಿ ಗುರುತು ಹಾಕುತ್ತೇನೆ. ಸಿಂಗಪುರದ ಹಾಕರ್ ಸೆಂಟರುಗಳಲ್ಲಿ, ಅಂದರೆ ಸಣ್ಣ ತಿಂಡಿ ಅಂಗಡಿಗಳು ಒಂದೇ ಕಡೆ ಇರುವ ಜಾಗಗಳಲ್ಲಿ, ಕುಡಿದ ‘ಕೋಪಿ’ ಎಂಬ ಅಲ್ಲಿನ ಕಾಫಿ, ಅಂಥದ್ದೇ ಟೆಕ್ಕಾ ಸೆಂಟರಿನಲ್ಲಿ ತಿಂದ ದೋಸೆ ಇವೆಲ್ಲ ನಗದಿನ ಕಾಲಮ್ಮಿಗೆ ಹೋಗುತ್ತವೆ, ಏಕೆಂದರೆ ಅಲ್ಲಿನ ಸಣ್ಣ ಅಂಗಡಿಗಳಲ್ಲಿ ನಮ್ಮ ಕಾರ್ಡು ನಡೆಯುವುದು ಕಡಿಮೆ. ಲೆಕ್ಕ ತಾಳೆಯಾದ ಮೇಲೆ ಆ್ಯಪ್ ತೆರೆದು ಎರಡೂ ಕಾರ್ಡುಗಳನ್ನು ಬೆಳಗಿನವರೆಗೆ ಲಾಕ್ ಮಾಡುತ್ತೇವೆ. ಎಟಿಎಂ ಸೌಲಭ್ಯವನ್ನಂತೂ ಹಣ ತೆಗೆಯುವ ಹೊತ್ತಿಗಷ್ಟೇ ತೆರೆದು, ಕೂಡಲೇ ಮುಚ್ಚುತ್ತೇವೆ. ಪರದೇಶದಲ್ಲಿ ಇರುವಾಗ ಇದು ಕೊಡುವ ನೆಮ್ಮದಿ ದೊಡ್ಡದು.

ಇಷ್ಟೆಲ್ಲ ಮೆಚ್ಚಿಕೊಂಡಿದ್ದ ಕಾರ್ಡಿನ ಮೇಲೆ ಬೇಸರ ಹುಟ್ಟಿದ್ದು ಸಿಂಗಪುರದ ಒಂದು ಹೋಟೆಲಿನಲ್ಲಿ. ಕೋಣೆಯ ಬಾಡಿಗೆಯನ್ನು ಮೊದಲೇ ಕಟ್ಟಿದ್ದರೂ ಚೆಕ್-ಇನ್ ಸಮಯದಲ್ಲಿ ಭದ್ರತಾ ಠೇವಣಿಯೆಂದು ಕಾರ್ಡು ಕೇಳಿ, ದಿನಕ್ಕಿಷ್ಟರಂತೆ ಒಟ್ಟು ಮೊತ್ತವನ್ನು ತಡೆಹಿಡಿದರು. ಇದು ಹಲವು ಹೋಟೆಲುಗಳಲ್ಲಿ ಇರುವ ಪದ್ಧತಿ. ಕ್ರೆಡಿಟ್ ಕಾರ್ಡಿನಲ್ಲಾದರೆ ಸಾಲದ ಮಿತಿ ಕೆಲ ದಿನ ಕಡಿಮೆಯಾಗುತ್ತದೆ, ಅಷ್ಟೇ. ಪ್ರೀಪೇಯ್ಡ್ ಕಾರ್ಡಿನಲ್ಲಿ ತಡೆಹಿಡಿಯುವುದು ನಾವು ದುಡಿದು ಉಳಿಸಿ, ಊಟಕ್ಕೂ ಓಡಾಟಕ್ಕೂ ಎಂದು ತುಂಬಿಸಿಕೊಂಡ ಹಣವನ್ನೇ. ಕೋಣೆ ಖಾಲಿ ಮಾಡಿದಾಗ ಸ್ವಾಗತ ಕಟ್ಟೆಯವರು ಠೇವಣಿ ಬಿಡುಗಡೆಯಾಗಿದೆ ಎಂದರು, ಆದರೆ ಆ್ಯಪಿನಲ್ಲಿ ಕಾರ್ಡಿನ ಉಳಿಕೆ ಹಣ ಏರಲಿಲ್ಲ. ಬ್ಯಾಂಕಿಗೆ ಕರೆ ಮಾಡಿದರೆ ಹೋಟೆಲಿನವರು ಬಿಡಬೇಕು ಎಂಬ ಉತ್ತರ. ಹೋಟೆಲಿಗೆ ಬರೆದರೆ ನಿಮ್ಮ ಬ್ಯಾಂಕು ಕೊಡಬೇಕು ಎಂಬ ಉತ್ತರ. ಇನ್ನಷ್ಟು ತುಂಬಿಸೋಣವೆಂದರೆ ಅಂದು ಶನಿವಾರ, ಸೋಮವಾರದವರೆಗೆ ಕಾಯಿರಿ ಎಂದರು. ನೋಡಬೇಕೆಂದಿದ್ದ ಪಕ್ಷಿಧಾಮವನ್ನು ಕೈಬಿಟ್ಟು ಕೊನೆಯ ದಿನಗಳನ್ನು ಕೈಯಲ್ಲಿದ್ದ ನಗದಿನಲ್ಲೇ ಸಾಗಿಸಿದೆವು.

ಹಣ ಮರಳಿದ್ದು ನಾವು ಮೈಸೂರಿಗೆ ಬಂದು ಎಷ್ಟೋ ದಿನಗಳಾದ ಮೇಲೆ, ಅದೂ ಸಿಂಗಪುರ ಡಾಲರಿನಲ್ಲಿ. ಅದನ್ನು ರೂಪಾಯಿಗೆ ಬದಲಿಸಿದರೆ ಬ್ಯಾಂಕು ಕೊಡುವುದು ಕೊಳ್ಳುವ ದರ. ನಾವು ತುಂಬಿಸುವಾಗ ತೆತ್ತದ್ದು ಮಾರುವ ದರ. ಎರಡರ ನಡುವಿನ ಅಂತರ ನಮ್ಮ ನಷ್ಟ. ಹಾಗೇ ಬಿಟ್ಟರೆ, ಬಳಸದ ಕಾರ್ಡಿಗೆ ಶುಲ್ಕ ಹಾಕುವ ಬ್ಯಾಂಕುಗಳೂ ಇವೆ. ಸೀಮಿತ ಹಣದಲ್ಲಿ ಹೊರಡುವವರಿಗೇ ಈ ಕಾರ್ಡು ಹೆಚ್ಚು ಉಪಯುಕ್ತ, ಈ ತೊಂದರೆ ತಟ್ಟುವುದೂ ಅವರಿಗೇ. ಕಾರ್ಡು ಮಾರುವಾಗ ಇದನ್ನು ಬಾಯಿಬಿಟ್ಟು ಹೇಳುವುದು ಬ್ಯಾಂಕಿನ ಕರ್ತವ್ಯ ಎಂದೇ ನನ್ನ ದೃಢವಾದ ಅಭಿಪ್ರಾಯ.

ಅಂದಿನಿಂದ ಠೇವಣಿಗೆ ಕ್ರೆಡಿಟ್ ಕಾರ್ಡು ಕೊಡುತ್ತೇವೆ. ಹೊರಡುವ ದಿನ ಹೋಟೆಲಿಗೆ ಏನಾದರೂ ಕೊಡುವುದಿದ್ದರೆ ಅದನ್ನು ಫಾರೆಕ್ಸ್ ಕಾರ್ಡಿನಿಂದ ಕಟ್ಟಿ, ಠೇವಣಿಯನ್ನು ಪೂರ್ತಿ ರದ್ದು ಮಾಡಿಸಿದ ಚೀಟಿಯನ್ನು ಕೇಳಿ ಪಡೆಯುತ್ತೇವೆ. ಬಾಡಿಗೆ ಕಾರಿಗೂ ಇದೇ ಮಾತು ಅನ್ವಯಿಸುತ್ತದೆ.

ಅಂಗಡಿಯ ಯಂತ್ರ ಪೌಂಡೋ ರೂಪಾಯಿಯೋ ಎಂದು ಕೇಳಿದಾಗ ಆ ದೇಶದ ಕರೆನ್ಸಿಯನ್ನೇ ಆರಿಸಬೇಕು. ರೂಪಾಯಿ ಆರಿಸಿದರೆ ಪರಿವರ್ತನೆಯ ಹೊರೆ ಎರಡು ಸಲ ಬೀಳುತ್ತದೆ. ಥಾಯ್ಲೆಂಡಿನ ಎಟಿಎಂಗಳು ಹೊರದೇಶದ ಕಾರ್ಡಿಗೆ ಪ್ರತಿ ಸಲವೂ 220 ಬಾತ್ ಅಥವಾ ಅದಕ್ಕಿಂತ ಹೆಚ್ಚು ಕಡಿತ ಮಾಡುವುದರಿಂದ, ಅಲ್ಲಿ ಬೇಕಾದಷ್ಟನ್ನು ಒಂದೇ ಸಲಕ್ಕೆ ತೆಗೆಯುವುದು ಲೇಸು.

ಮಾರ್ಕಪ್ ಇಲ್ಲದ ಕ್ರೆಡಿಟ್ ಕಾರ್ಡು ಸಿಗುವ ಸಂಬಳದಾರರು ಫಾರೆಕ್ಸ್ ಕಾರ್ಡಿಗೆ ಓಡಾಡಬೇಕಾಗಿಲ್ಲ. ನಮ್ಮಂತೆ ಪಿಂಚಣಿಯಲ್ಲಿ ಬದುಕುವವರು, ಓದಲು ಹೋಗುವ ಮಕ್ಕಳು, ಇಷ್ಟೇ ಖರ್ಚು ಎಂದು ಗೆರೆ ಎಳೆದುಕೊಂಡು ಹೊರಡುವವರು ಧಾರಾಳವಾಗಿ ತೆಗೆದುಕೊಳ್ಳಬಹುದು, ಹೋಗುವ ದೇಶದ ಕರೆನ್ಸಿ ಆ ಕಾರ್ಡಿನಲ್ಲಿ ಇದ್ದರೆ ಮಾತ್ರ. ನಾವು ಮುಂದೆ ಹೋಗಬೇಕೆಂದಿರುವುದು ವಿಯೆಟ್ನಾಮಿಗೆ. ನಮ್ಮ ಕಾರ್ಡಿನಲ್ಲಿ ಅಲ್ಲಿನ ಡಾಂಗ್ ಇಲ್ಲ, ಡಾಲರ್ ತುಂಬಿಸಿ ಬಳಸಿದರೆ ಪ್ರತಿ ಖರ್ಚಿಗೂ ಪರಿವರ್ತನಾ ಶುಲ್ಕ ಬೀಳುತ್ತದೆ. ಆದ್ದರಿಂದ ಆ ಪ್ರವಾಸಕ್ಕೆ ಡಾಲರ್ ನೋಟುಗಳನ್ನು ಒಯ್ದು ಅಲ್ಲೇ ಬದಲಿಸಿಕೊಳ್ಳಲು ನಿರ್ಧರಿಸಿದ್ದೇವೆ.