ಟೊಮೆಟೊಗೆ ಸೈ, ಕುಂಬಳಕ್ಕೆ ದಂಡ: ಪರಾಗಸ್ಪರ್ಶದ ಬ್ಯಾಟರಿ ಕಡ್ಡಿ

ಮೂರು ಸ್ಟಾರ್ ಕೊಟ್ಟಿದ್ದೇನೆ. ಟೊಮೆಟೊ ಬೆಳೆಯುವವರು ಐದು ಅಂತ ಓದಿಕೊಳ್ಳಿ, ಕುಂಬಳ ಹಾಕಿದವರು ಒಂದು.

ನಮ್ಮ ಬಾಲ್ಕನಿಗೆ ಕೋತಿ ಕಾಟಕ್ಕೆ ಗ್ರಿಲ್, ಸೊಳ್ಳೆ ಕಾಟಕ್ಕೆ ಮೆಶ್. ದುಂಬಿ ಒಳಗೆ ಬರಲ್ಲ, ಗಾಳಿಯೂ ಅಷ್ಟಕ್ಕಷ್ಟೇ. ಟೊಮೆಟೊ ಗಿಡದ ತುಂಬ ಹೂ ಬಿಟ್ಟರೂ ತೊಟ್ಟಿನ ಸಮೇತ ಉದುರಿ ಹೋಗುತ್ತಿತ್ತು. ಅದಕ್ಕೇ ಇದನ್ನು ತರಿಸಿದ್ದು. ಬಟನ್ ಒತ್ತಿದರೆ ತುದಿ ಝುಂಯ್ ಅಂತ ನಡುಗುತ್ತದೆ. ಬೇರೇನೂ ಇಲ್ಲ.

ಬೇಕಾಗಿರುವುದೂ ಆ ನಡುಕವೇ. ಟೊಮೆಟೊ ಹೂವಿನಲ್ಲಿ ಪರಾಗಕೋಶಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಹಳದಿ ಕೊಳವೆಯಾಗಿರುತ್ತವೆ. ಪರಾಗದ ಪುಡಿ ಇರುವುದು ಅದರೊಳಗೆ. ನಡುವೆ ಶಲಾಕೆ ಅನ್ನುವ ತೆಳು ದಂಟು, ಅದರ ತುದಿಗೆ ಪರಾಗ ಹಿಡಿದುಕೊಳ್ಳುವ ಅಂಟಂಟಾದ ಶಲಾಕಾಗ್ರ. ಗಂಡು ಭಾಗ, ಹೆಣ್ಣು ಭಾಗ ಎರಡೂ ಒಂದೇ ಹೂವಿನಲ್ಲಿವೆ, ಅಲುಗಾಡಿಸುವವರು ಬೇಕು ಅಷ್ಟೇ. ಮರ ಕೊರೆಯುವ ದೊಡ್ಡ ಕರಿದುಂಬಿ ಹೂವನ್ನು ತಬ್ಬಿ ಹಿಡಿದು, ಮೈ ನಡುಗಿಸಿ ಪುಡಿ ಉದುರಿಸುತ್ತದೆ. ಜೇನುಹುಳಕ್ಕೆ ಈ ವಿದ್ಯೆ ಬರಲ್ಲ!

ಬಿಸಿಲೇರಿ ಇಬ್ಬನಿ ಆರಿದ ಮೇಲೆ, ಹತ್ತು ಹನ್ನೊಂದರ ಹೊತ್ತಿಗೆ, ಕಡ್ಡಿಯನ್ನು ಹೂವಿನ ಹಿಂದಿನ ತೊಟ್ಟಿಗೆ ಎರಡು ಸೆಕೆಂಡ್ ತಾಗಿಸಿ. ಎಸಳಿಗೆ ಒತ್ತಬೇಡಿ, ಹರಿಯುತ್ತದೆ. ಕೆಳಗೆ ಕಪ್ಪು ಬಣ್ಣದ ಮೊಬೈಲ್ ಕವರ್ ಹಿಡಿದೆ. ಮಾಸಲು ಹಳದಿ ಪುಡಿ ಕಣ್ಣಿಗೇ ಕಂಡಿತು. ಶಲಾಕಾಗ್ರಕ್ಕೆ ಅಂಟಿದ ಕಣದಿಂದ ಸಣ್ಣ ನಳಿಕೆ ಬೆಳೆದು ಅಂಡಾಶಯದೊಳಗಿನ (ಮುಂದೆ ಕಾಯಿಯಾಗುವ ಭಾಗ) ಅಂಡಕಕ್ಕೆ, ಅಂದರೆ ಬೀಜವಾಗುವ ಕಣಕ್ಕೆ, ಇಳಿಯುತ್ತದೆ. ಒಂದು ಅಂಡಕಕ್ಕೆ ಒಂದು ಪರಾಗ ಕಣ, ಒಂದು ಬೀಜ. ಪುಡಿ ಕಮ್ಮಿ ಬಿದ್ದರೆ ಕಾಯಿ ಸಣ್ಣದಾಗುತ್ತದೆ, ಕೆಲವು ಸಲ ಸೊಟ್ಟಗೂ ಆಗುತ್ತದೆ. ಈಗ ಒಂದೊಂದು ಗೊಂಚಲಲ್ಲೂ ಕಾಯಿ ನಿಂತಿದೆ. ಬದನೆಗೂ ಕೆಲಸ ಮಾಡಿತು.

ಇನ್ನು ಡಬ್ಬಿಯ ಮೇಲಿರುವ ಕುಂಬಳಕಾಯಿ ಚಿತ್ರ. ಅದು ಸುಮ್ನೆ. ಕುಂಬಳದಲ್ಲಿ ಗಂಡು ಹೂವೇ ಬೇರೆ, ಬುಡದಲ್ಲಿ ಪುಟ್ಟ ಕಾಯಿ ಹೊತ್ತ ಹೆಣ್ಣು ಹೂವೇ ಬೇರೆ. ಪುಡಿಯೂ ಜಿಗುಟು. ಎಷ್ಟು ನಡುಗಿಸಿದರೂ ಆ ಹೂವಿಂದ ಈ ಹೂವಿಗೆ ಹಾರಲ್ಲ. ಬೆಳಿಗ್ಗೆ ಬೇಗ ಗಂಡು ಹೂ ಕಿತ್ತು, ಎಸಳು ತೆಗೆದು, ಹೆಣ್ಣು ಹೂವಿನ ಶಲಾಕಾಗ್ರಕ್ಕೆ ಸವರಿದರೆ ಆಯಿತು. ಅದಕ್ಕೆ ಬ್ಯಾಟರಿ ಯಾಕೆ, ಅಲ್ವಾ?

ಬ್ಯಾಟರಿ ಮುಚ್ಚಳ ಸಡಿಲ. ನಾನು ರಬ್ಬರ್ ಬ್ಯಾಂಡ್ ಹಾಕಿದ್ದೇನೆ. ಸೆಲ್ ಜೊತೆಗೆ ಕೊಡಲ್ಲ. ಕಡು ಬೇಸಿಗೆಯಲ್ಲಿ ಇದರಿಂದ ಜಾಸ್ತಿ ನಿರೀಕ್ಷೆ ಬೇಡ, ಸೆಕೆಗೆ ಪರಾಗವೇ ಕೆಡುತ್ತದೆ. ಮನೆಯಲ್ಲಿ ಹಳೇ ಬ್ಯಾಟರಿ ಟೂತ್‌ಬ್ರಷ್ ಇದ್ದರೆ ಮೊದಲು ಅದನ್ನೇ ತೊಟ್ಟಿಗೆ ಹಿಡಿದು ನೋಡಿ, 549 ರೂಪಾಯಿ ಉಳಿಯುತ್ತದೆ.